ಸೈಲೆನ್ಸರ್ ಬದಲಾಯ್ತು, ಪೆಟ್ರೋಲ್ ಲೆಕ್ಕ ಯಾರು ನೋಡಬೇಕು?

ಕುಶಾಲನಗರದಿಂದ ಕೂಡಿಗೆ, ಹೆಬ್ಬಾಲೆ ದಾಟಿ ಶಿರಂಗಾಲಕ್ಕೆ ಬರೋ ರಸ್ತೆಯಲ್ಲಿ ಸಂಜೆ ಅರ್ಧ ಗಂಟೆ ನಿಂತರೆ ಸಾಕು, ಯಾರ ಬೈಕಿಗೆ ಹೊಸ ಸೈಲೆನ್ಸರ್ ಬಿದ್ದಿದೆ ಅಂತ ಕಣ್ಣು ಮುಚ್ಚಿಕೊಂಡೇ ಹೇಳಬಹುದು. ರೇಸ್ ಕೊಟ್ಟಾಗ ಗುಡುಗು, ರೇಸ್ ಬಿಟ್ಟಾಗ ಪಟಪಟ ಪಟಾಕಿ. ಆ ಪಟಾಕಿ ಕೇಳಿ ನಮ್ಮ ಹುಡುಗರು "ಮಗಾ, ಗಾಡಿ ಈಗ ಉಸಿರಾಡ್ತಾ ಇದೆ" ಅಂತಾರೆ. ನಮಗೆ ಕೇಳಿಸೋದು ಬೇರೆ. ಗಾಡಿ ಉಸಿರಾಡ್ತಾ ಇಲ್ಲ, ಕೆಮ್ತಾ ಇದೆ.

ಸೈಲೆನ್ಸರ್ ಹಾಕಲೇಬಾರದು ಅಂತ ಉಪದೇಶ ಮಾಡೋಕೆ ನಾವು ಕೂತಿಲ್ಲ. ನಮ್ಮ ಬಳಗದಲ್ಲೂ ಬೈಕ್ ಹುಚ್ಚು ಇರೋರೇ ಜಾಸ್ತಿ. ನಮ್ಮ ವಾದ ಇಷ್ಟೇ: ಸೈಲೆನ್ಸರ್ ಬದಲಾಯಿಸೋದು, ಇಂಧನ ಹೊಂದಿಸೋದು ಎರಡು ಬೇರೆ ಕೆಲಸ ಅಲ್ಲ, ಒಂದೇ ಕೆಲಸದ ಎರಡು ಅರ್ಧ. ಎರಡನೇ ಅರ್ಧಕ್ಕೆ ದುಡ್ಡು, ಸಮಯ, ತಾಳ್ಮೆ ಇಲ್ಲ ಅಂದ್ರೆ ಮೊದಲನೇ ಅರ್ಧಕ್ಕೆ ಕೈ ಹಾಕಬಾರದು.

ಇದು ಬರೀ ಶೋಕಿಯ ವಿಷಯವೂ ಅಲ್ಲ. ಕೊಡಗಿಗೆ ರೈಲಿಲ್ಲ. ಹಾಸನದ ಗಡಿಗೆ ಅಂಟಿಕೊಂಡಿರೋ ನಮ್ಮಂಥ ಊರಲ್ಲಿ ಬಸ್ಸು ತಪ್ಪಿದರೆ ಬೈಕೇ ಗತಿ. ಬೆಳಗ್ಗೆ ಮಗ ಕಾಲೇಜಿಗೆ ತಗೊಂಡು ಹೋದ ಬೈಕನ್ನೇ ಸಂಜೆ ಅಪ್ಪ ಶುಂಠಿ ಹೊಲಕ್ಕೆ ಒಯ್ಯೋ ಮನೆಗಳು ಬೇಕಾದಷ್ಟಿವೆ. ಆ ಎಂಜಿನ್ ಕೆಟ್ಟರೆ ಕೆಡೋದು ಒಬ್ಬನ ವೀಕೆಂಡ್ ರೈಡ್ ಅಲ್ಲ, ಇಡೀ ಮನೆಯ ಓಡಾಟ.

ಪೈಪಿನೊಳಗೆ ಏನಾಗುತ್ತೆ?

ಎಂಜಿನ್ ಅಂದರೆ ಮೊದಲಿಗೆ ಒಂದು ಗಾಳಿ ಪಂಪು. ಎಷ್ಟು ಗಾಳಿ ಒಳಗೆ ಬರುತ್ತೋ ಅದಕ್ಕೆ ತಕ್ಕ ಪೆಟ್ರೋಲ್ ಸೇರಬೇಕು. ತೂಕದ ಲೆಕ್ಕದಲ್ಲಿ 1 ಭಾಗ ಶುದ್ಧ ಪೆಟ್ರೋಲ್ ಪೂರ್ತಿ ಸುಡೋಕೆ ಸುಮಾರು 14.7 ಭಾಗ ಗಾಳಿ ಬೇಕು. ಪೂರ್ತಿ ರೇಸ್‌ನಲ್ಲಿ ಶಕ್ತಿ ಬೇಕು ಅಂದಾಗ 12.5ರಿಂದ 13ರ ಆಸುಪಾಸು, ಅಂದರೆ ಸ್ವಲ್ಪ ಹೆಚ್ಚು ಪೆಟ್ರೋಲ್. ಆ ಹೆಚ್ಚುವರಿ ಪೆಟ್ರೋಲ್ ಒಳಗಿನ ಬಿಸಿಯನ್ನೂ ಇಳಿಸುತ್ತೆ.

ಕಂಪನಿ ಸೈಲೆನ್ಸರ್ ತೆಗೆದು ಖಾಲಿ ಪೈಪಿನಂಥದ್ದು ಹಾಕಿದಾಗ ಹೊಗೆ ಸಲೀಸಾಗಿ ಹೊರಗೆ ಹೋಗುತ್ತೆ. ಪೈಪಿನೊಳಗೆ ಹಿಂದೆ ಮುಂದೆ ಓಡಾಡೋ ಒತ್ತಡದ ಅಲೆಗಳ ವೇಳೆಯೂ ಬದಲಾಗುತ್ತೆ. ಇದರಿಂದ ಕೆಲವು ಆರ್‌ಪಿಎಂನಲ್ಲಿ ಮೊದಲಿಗಿಂತ ಹೆಚ್ಚು ಗಾಳಿ ತುಂಬಿದರೆ ಇನ್ನು ಕೆಲವು ಆರ್‌ಪಿಎಂನಲ್ಲಿ ಕಡಿಮೆ. "ಬ್ಯಾಕ್ ಪ್ರೆಶರ್ ಹೋಯ್ತು, ಅದಕ್ಕೇ ಪಿಕಪ್ ಇಲ್ಲ" ಅಂತ ಗ್ಯಾರೇಜಿನಲ್ಲಿ ಹೇಳ್ತಾರಲ್ಲ, ಅಲ್ಲಿ ಆಗಿರೋದು ಇದೇ. ಎಂಜಿನ್‌ಗೆ ಬೇಕಾಗಿದ್ದು ತಡೆ ಅಲ್ಲ, ಸರಿಯಾದ ಹೊತ್ತಿಗೆ ಬರೋ ಅಲೆ. ಗಾಳಿ ಹೆಚ್ಚಾದ ಕಡೆ ಪೆಟ್ರೋಲ್ ಅದೇ ಪ್ರಮಾಣದಲ್ಲಿ ಹೆಚ್ಚಾಗದಿದ್ದರೆ ಮಿಶ್ರಣ ಲೀನ್ ಆಗುತ್ತೆ. ಗಾಳಿಯಿಂದ ತಂಪಾಗೋ ಎಂಜಿನ್ ಲೀನ್ ಇದ್ದುಕೊಂಡು ಇಬ್ಬರನ್ನು ಹೊತ್ತು ಆನೆಕಾಡು, ಸುಂಟಿಕೊಪ್ಪ ದಾಟಿ ಮಡಿಕೇರಿ ಏರಿದರೆ ಪಿಸ್ಟನ್, ವಾಲ್ವ್ ಪಡೋ ಪಾಡು ಊಹಿಸಿಕೊಳ್ಳಿ.

ಈ ಪಾಠ ನಮ್ಮ ನಾಡಿಗೆ ಹೊಸದೂ ಅಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳು ಟೂ-ಸ್ಟ್ರೋಕ್ ಗಾಡಿಗಳು. ಟೂ-ಸ್ಟ್ರೋಕ್‌ನಲ್ಲಿ ಹೊಗೆ ಹೋಗೋ ದಾರಿಗೆ ವಾಲ್ವೇ ಇರಲ್ಲ. ಹೊರಗೆ ಜಾರೋ ಹೊಸ ಮಿಶ್ರಣವನ್ನು ವಾಪಸ್ ತಳ್ಳೋದರಲ್ಲಿ ಸೈಲೆನ್ಸರಿನ ಆಕಾರ, ಉದ್ದಕ್ಕೂ ಪಾಲಿದೆ. ಹಾಗಾಗಿ ಒಳಗಿನ ಜಾಲರಿ ಕಿತ್ತು ಸದ್ದು ಹೆಚ್ಚಿಸೋನು ಎಂಜಿನ್ನಿನ ಒಂದು ಭಾಗಕ್ಕೇ ಕೈ ಹಾಕಿದ ಹಾಗೆ. ಮಿಶ್ರಣ ಲೀನ್ ಆದರೆ ಪಿಸ್ಟನ್ ಸೀಜ್ ಆಗಿ ದಾರಿ ಮಧ್ಯೆ ನಿಲ್ಲಿಸಿಬಿಡುತ್ತೆ. ಫೋರ್-ಸ್ಟ್ರೋಕ್ ಅಷ್ಟು ಬೇಗ ಶಿಕ್ಷೆ ಕೊಡಲ್ಲ. ಅದಕ್ಕೇ ನಾವು ಸದರ ತಗೊಂಡಿದ್ದೇವೆ.

ಕಾರ್ಬ್ಯುರೇಟರ್ ಗಾಡಿ ಆದರೆ

ನಮ್ಮ ಕಡೆ ಹಳೇ ಬುಲೆಟ್, ಪಲ್ಸರ್, ಸ್ಪ್ಲೆಂಡರ್‌ಗಳು ಇನ್ನೂ ಸಾಕಷ್ಟು ಓಡಾಡ್ತಿವೆ. ಇವುಗಳ ಟ್ಯೂನಿಂಗ್ ಅಂದ ತಕ್ಷಣ ಸ್ಕ್ರೂಡ್ರೈವರ್ ತಗೊಂಡು ಒಂದು ಸ್ಕ್ರೂ ತಿರುಗಿಸೋದು ಅಂತ ತುಂಬಾ ಜನ ತಿಳಿದಿದ್ದಾರೆ. ಆ ಸ್ಕ್ರೂ ಮತ್ತು ಪೈಲಟ್ ಜೆಟ್ ನೋಡಿಕೊಳ್ಳೋದು ಐಡ್ಲಿಂಗ್‌ನಿಂದ ಸುಮಾರು ಕಾಲು ಭಾಗ ರೇಸ್‌ವರೆಗೆ ಮಾತ್ರ. ಕಾಲಿನಿಂದ ಮುಕ್ಕಾಲು ಭಾಗದವರೆಗೆ ನೀಡಲ್‌ದೇ ದರ್ಬಾರು. ಮುಕ್ಕಾಲಿನಿಂದ ಮೇಲೆ ಮೈನ್ ಜೆಟ್. ಸ್ಕ್ರೂ ಒಂದನ್ನೇ ತಿರುಗಿಸಿದರೆ ಪಟಾಕಿ ಸದ್ದು ಕಡಿಮೆ ಆಗಬಹುದು, ಪೂರ್ತಿ ರೇಸ್‌ನಲ್ಲಿ ಎಂಜಿನ್ ಲೀನ್ ಆಗೇ ಉಳಿಯುತ್ತೆ. ರೋಗ ಒಂದು ಕಡೆ, ಮದ್ದು ಇನ್ನೊಂದು ಕಡೆ.

ಕೆಲಸಕ್ಕೊಂದು ಕ್ರಮ ಇದೆ. ಮೊದಲು ಬೆಂಡ್ ಪೈಪ್ ಎಂಜಿನ್ನಿಗೆ ಸೇರೋ ಜಾಗದಲ್ಲಿ ಹೊಸ ಗ್ಯಾಸ್ಕೆಟ್ ಹಾಕಿ, ಗಾಳಿ ಸೋರಿಕೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ರೇಸ್ ಬಿಟ್ಟಾಗ ಸುಡದೇ ಹೋದ ಪೆಟ್ರೋಲ್, ಹೊರಗಿಂದ ಸೋರಿ ಬಂದ ಗಾಳಿ ಎರಡೂ ಬಿಸಿ ಪೈಪಿನಲ್ಲಿ ಸೇರಿದರೂ ಪಟಾಕಿ ಹೊಡೆಯುತ್ತೆ. ಆಗ ಜೆಟ್ ಬದಲಾಯಿಸಿ ಪ್ರಯೋಜನ ಇಲ್ಲ. ಆಮೇಲೆ ಏರ್ ಫಿಲ್ಟರ್ ಕ್ಲೀನ್ ಇದೆಯಾ, ವಾಲ್ವ್ ಟ್ಯಾಪೆಟ್ ಸರಿ ಇದೆಯಾ ನೋಡಿ. ಇಷ್ಟಾದ ಮೇಲೆ ಮೈನ್ ಜೆಟ್, ನಂತರ ನೀಡಲ್, ಕೊನೆಗೆ ಪೈಲಟ್ ಮತ್ತು ಸ್ಕ್ರೂ. ಮೈನ್ ಜೆಟ್‌ನಲ್ಲಿ ನಂಬರ್ ದೊಡ್ಡದಾದರೆ ತೂತು ದೊಡ್ಡದು. ಒಂದು ಸಲಕ್ಕೆ ಒಂದೇ ಹೆಜ್ಜೆ ಏರಿಸಿ. ನೀಡಲ್‌ನ ಕ್ಲಿಪ್ ಒಂದು ಗೀರು ಕೆಳಗೆ ಇಳಿಸಿದರೆ ನೀಡಲ್ ಮೇಲೇಳುತ್ತೆ, ಪೆಟ್ರೋಲ್ ಹೆಚ್ಚಾಗುತ್ತೆ. ಒಂದೊಂದು ಬದಲಾವಣೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡು ವಸ್ತು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯ್ತು ಅಂತ ಗೊತ್ತೇ ಆಗಲ್ಲ. ಲ್ಯಾಬಿನಲ್ಲಿ ನಾಲ್ಕು ವರ್ಷ ಕಲಿಯೋದೂ ಇದನ್ನೇ ಅಲ್ವಾ?

ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡೋದು ಹಳೇ ವಿಧಾನ. ಬೆಳ್ಳಗಿದ್ದರೆ ಲೀನ್, ಮಸಿ ಕಪ್ಪಾದರೆ ರಿಚ್, ತಿಳಿ ಕಂದು ಇದ್ದರೆ ಸರಿ. ಆದರೆ ಈಗಿನ ಸೀಸರಹಿತ ಪೆಟ್ರೋಲ್‌ನಲ್ಲಿ ಬಣ್ಣ ಬರೋಕೆ ಸಮಯ ಬೇಕು. ಐದು ನಿಮಿಷ ಓಡಿಸಿ ಪ್ಲಗ್ ನೋಡಿ ತೀರ್ಪು ಕೊಡೋದು ಅವಸರ.

ಇದರ ಜೊತೆಗೆ ನಮ್ಮ ಸೀಮೆಯದ್ದೇ ಒಂದು ತೊಡಕಿದೆ. ಎತ್ತರ ಹೆಚ್ಚಾದಂತೆ ಗಾಳಿ ತೆಳುವಾಗುತ್ತೆ. ಶಿರಂಗಾಲ ಇರೋದು ಸಮುದ್ರ ಮಟ್ಟದಿಂದ 800 ಮೀಟರ್‌ಗೂ ಮೇಲೆ, ಮಡಿಕೇರಿ 1,100 ಮೀಟರ್‌ಗೂ ಮೇಲೆ, ಮಂಗಳೂರು ಕಡಲ ದಡದಲ್ಲಿ. ಕಾರ್ಬ್ಯುರೇಟರ್‌ಗೆ ಇದು ಗೊತ್ತಾಗಲ್ಲ. ಶಿರಂಗಾಲದಲ್ಲಿ ಅಂಚಿಗೆ ತಂದು ನಿಲ್ಲಿಸಿದ ಟ್ಯೂನಿಂಗ್ ಮಡಿಕೇರಿಯಲ್ಲಿ ಸ್ವಲ್ಪ ರಿಚ್, ಸಂಪಾಜೆ ಘಾಟಿ ಇಳಿದು ಮಂಗಳೂರು ಸೇರುವಾಗ ಲೀನ್. ಆದ್ದರಿಂದ ಟ್ಯೂನಿಂಗ್‌ನಲ್ಲಿ ರಿಚ್ ಕಡೆಗೆ ಒಂದಿಷ್ಟು ಅಂತರ ಬಿಡೋದೇ ಜಾಣತನ.

ಇನ್ನು ಬಂಕಿನ ಪೆಟ್ರೋಲ್. ಈಗ ಸಿಗ್ತಿರೋ ಇ20ಯಲ್ಲಿ 20 ಭಾಗ ಎಥನಾಲ್. ಎಥನಾಲ್‌ನಲ್ಲೇ ಆಮ್ಲಜನಕ ಇರೋದರಿಂದ ಅದಕ್ಕೆ ಬೇಕಾದ ಗಾಳಿ ಕಡಿಮೆ, ಸುಮಾರು 9 ಭಾಗ. ಹಾಗಾಗಿ ಇ20ಗೆ ಸರಿಹೊಂದೋ ಅನುಪಾತ 14.7 ಅಲ್ಲ, 13.5ರ ಹತ್ತಿರ. ಹಳೇ ಕಾರ್ಬ್ಯುರೇಟರ್ ಗಾಡಿ ಸೈಲೆನ್ಸರ್ ಮುಟ್ಟದೇ ಇದ್ದರೂ ಮೊದಲಿಗಿಂತ ಲೀನ್ ಓಡ್ತಿದೆ ಅಂತಾಯ್ತು. ಅದರ ಮೇಲೆ ಖಾಲಿ ಪೈಪ್ ಹಾಕೋದು ಗಾಯದ ಮೇಲೆ ಬರೆ.

"ನಂದು ಎಫ್‌ಐ ಗಾಡಿ, ಅದೇ ಸರಿ ಮಾಡ್ಕೊಳುತ್ತೆ"

ಬಿಎಸ್6 ನಿಯಮ 2020ರ ಏಪ್ರಿಲ್ 1ರಿಂದ ಬಂದ ಮೇಲೆ ಹೊಸ ಬೈಕುಗಳು ಬಹುತೇಕ ಫ್ಯುಯೆಲ್ ಇಂಜೆಕ್ಷನ್ ಆದವು. ಅಲ್ಲಿಂದ ಈ ಮಾತು ಎಲ್ಲರ ಬಾಯಲ್ಲೂ ಇದೆ. ಅರ್ಧ ಮಾತ್ರ ನಿಜ. ಪೈಪಿನಲ್ಲಿರೋ ಆಕ್ಸಿಜನ್ ಸೆನ್ಸರ್ ಹೊಗೆ ನೋಡಿ ಇಸಿಯುಗೆ ಸುದ್ದಿ ಕಳಿಸುತ್ತೆ. ಇಸಿಯು ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತೆ. ಆದರೆ ಇದು ನಡೆಯೋದು ಮುಖ್ಯವಾಗಿ ನಿಧಾನಕ್ಕೆ, ಒಂದೇ ಸಮನೆ ಓಡಿಸುವಾಗ, ಅದೂ ಒಂದು ಮಿತಿಯೊಳಗೆ. ಪೂರ್ತಿ ರೇಸ್ ಕೊಟ್ಟಾಗ ಇಸಿಯು ಸೆನ್ಸರ್ ಮಾತು ಬದಿಗಿಟ್ಟು ಕಾರ್ಖಾನೆಯಲ್ಲಿ ಬರೆದುಕೊಟ್ಟ ಕೋಷ್ಟಕವನ್ನೇ ಓದುತ್ತೆ. ಆ ಕೋಷ್ಟಕ ಬರೆದಿದ್ದು ಕಂಪನಿ ಸೈಲೆನ್ಸರ್‌ಗೆ. ಎಂಜಿನ್‌ಗೆ ಸರಿಯಾದ ಮಿಶ್ರಣ ಅತಿ ಹೆಚ್ಚು ಬೇಕಾದ ಹೊತ್ತಲ್ಲೇ ತಿದ್ದುಪಡಿ ಸಿಗಲ್ಲ.

ಇದಕ್ಕೆ ಪರಿಹಾರ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ರೇಸ್ ಡೈನಾಮಿಕ್ಸ್ ಕಂಪನಿ ಪವರ್‌ಟ್ರಾನಿಕ್, ಫ್ಯುಯೆಲ್‌ಎಕ್ಸ್ ಹೆಸರಿನ ಪೆಟ್ಟಿಗೆಗಳನ್ನು ಮಾಡುತ್ತೆ. ಕಂಪನಿ ಇಸಿಯು ಜೊತೆ ಕೂತು ಇಂಧನದ ಪ್ರಮಾಣ ತಿದ್ದೋ ಸಾಧನಗಳು ಇವು. ಆದರೆ ಪೆಟ್ಟಿಗೆ ತಂದು ಸಿಕ್ಕಿಸಿದ ಮಾತ್ರಕ್ಕೆ ಕೆಲಸ ಮುಗಿಯಲ್ಲ. ನಿಮ್ಮ ಗಾಡಿ, ನಿಮ್ಮ ಪೈಪ್, ನಿಮ್ಮ ಫಿಲ್ಟರ್‌ಗೆ ಹೊಂದೋ ಮ್ಯಾಪ್ ಬೇಕು. ಅದು ಹೊಂದಿದೆಯಾ ಅಂತ ವೈಡ್‌ಬ್ಯಾಂಡ್ ಸೆನ್ಸರ್‌ನಲ್ಲಿ ಅಳೆದು ನೋಡಬೇಕು. ಇದಕ್ಕೆ ಬದಲು ಸೆನ್ಸರ್ ಕಿತ್ತು ಅದರ ಜಾಗಕ್ಕೆ ಒಂದು ರೆಸಿಸ್ಟರ್ ಕೂರಿಸಿ ಇಸಿಯು ಕಣ್ಣಿಗೆ ಬಟ್ಟೆ ಕಟ್ಟೋದು ಕೆಲವರ ಚಾಳಿ. ಲೈಟ್ ಆರಿತು, ದೋಷ ಉಳಿಯಿತು.

"ನಮ್ಮ ಅಣ್ಣ ಕಿವಿಯಲ್ಲೇ ಟ್ಯೂನ್ ಮಾಡ್ತಾರೆ"

ಈ ಮಾತಿಗೆ ನಾವು ಸುಮ್ಮನೆ ನಗಲ್ಲ. ಮೂವತ್ತು ವರ್ಷ ಸ್ಪ್ಯಾನರ್ ಹಿಡಿದ ಮೇಸ್ತ್ರಿಯ ಕಿವಿಗೆ ಐಡ್ಲಿಂಗ್‌ನ ಸಣ್ಣ ಏರುಪೇರೂ ಕೇಳುತ್ತೆ. ಆ ವಿದ್ಯೆ ನಮಗಿಲ್ಲ. ಆದರೆ 60 ಕಿಲೋಮೀಟರ್ ವೇಗದಲ್ಲಿ ಲೋಡ್ ಮೇಲೆ ಓಡೋ ಎಂಜಿನ್ನಿನ ಮಿಶ್ರಣ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಗಾಡಿಯ ಸದ್ದಿನಲ್ಲಿ ಗೊತ್ತಾಗಲ್ಲ, ಯಾರ ಕಿವಿಗೂ. ಇದು ಮೇಸ್ತ್ರಿಯ ಕೊರತೆ ಅಲ್ಲ, ಉಪಕರಣದ ಕೊರತೆ. ಜನ ಸೈಲೆನ್ಸರ್‌ಗೆ ಸಾವಿರಗಟ್ಟಲೆ ಕೊಟ್ಟು ಟ್ಯೂನಿಂಗ್‌ಗೆ ಟೀ ಕಾಸು ಕೊಡ್ತಾರೆ. ಹಾಗಿದ್ದ ಮೇಲೆ ಯಾವ ಗ್ಯಾರೇಜು ಮೀಟರ್ ಕೊಂಡು ಇಟ್ಟುಕೊಳ್ಳುತ್ತೆ?

ಇನ್ನೊಂದು ಮಾತು ಕಹಿ ಆದರೂ ಹೇಳಬೇಕು. ಎಷ್ಟೇ ಚೆನ್ನಾಗಿ ಟ್ಯೂನ್ ಮಾಡಿದರೂ ಕಾನೂನಿಗೆ ಹೊರಗಿನ ಸದ್ದು ಒಳಗೆ ಬರಲ್ಲ. ಬೈಕ್ ತಯಾರಾಗೋ ಹಂತದಲ್ಲಿ ಶಬ್ದದ ಮಿತಿ 80ರಿಂದ 175 ಸಿಸಿವರೆಗೆ 77 ಡೆಸಿಬೆಲ್, ಅದಕ್ಕೂ ಮೇಲಿನವಕ್ಕೆ 80 ಡೆಸಿಬೆಲ್. ಶಬ್ದ, ಹೊಗೆಯ ಮಿತಿ ಮೀರಿದವರಿಗೆ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್‌ನಲ್ಲಿ ದಂಡ ಇದೆ. ಕಿತ್ತ ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸಿದ ಚಿತ್ರಗಳನ್ನು ರಾಜ್ಯದ ಹಲವು ಊರುಗಳಿಂದ ನೋಡಿದ್ದೇವೆ. ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಎಸೆದರೆ ಹೊಗೆಯ ವಿಷ ಹಾಗೇ ಹೊರಗೆ. ರಾತ್ರಿ ಹನ್ನೊಂದಕ್ಕೆ ಊರೊಳಗೆ ಗುಡುಗಿಸಿದರೆ ಬೈಯೋ ಅಜ್ಜಿಗೆ ಡೆಸಿಬೆಲ್ ಗೊತ್ತಿಲ್ಲ, ಆದರೆ ಆಕೆಯ ಲೆಕ್ಕ ಸರಿ ಇದೆ. ಆದ್ದರಿಂದ ಹಾಕೋದೇ ಆದರೆ ಕನ್ವರ್ಟರ್ ಉಳಿಸಿಕೊಂಡು, ಮಿತಿಯೊಳಗಿನ ಸದ್ದಿನ ಪೈಪ್ ಹುಡುಕಿ.

ನಾವು ಕೇಳೋದು ಇಷ್ಟು. ನಮ್ಮಂಥ ಎಂಜಿನಿಯರಿಂಗ್ ಕಾಲೇಜುಗಳ ಐಸಿ ಎಂಜಿನ್ ಲ್ಯಾಬಿನಲ್ಲಿ ಒಂದು ವೈಡ್‌ಬ್ಯಾಂಡ್ ಮೀಟರ್ ಇರಲಿ. ತಿಂಗಳಿಗೆ ಒಂದು ಶನಿವಾರ ಸುತ್ತಲಿನ ಗ್ಯಾರೇಜುಗಳ ಮೇಸ್ತ್ರಿಗಳಿಗೂ ಹುಡುಗರಿಗೂ ಲ್ಯಾಬಿನ ಬಾಗಿಲು ತೆರೆದಿರಲಿ. ಅವರ ಕಿವಿ, ನಮ್ಮ ಮೀಟರ್ ಒಂದೇ ಬೈಕಿನ ಪಕ್ಕ ಕೂತರೆ ಇಬ್ಬರೂ ಕಲೀತೀವಿ. ಏರ್-ಫ್ಯುಯೆಲ್ ರೇಶಿಯೋ ಅಂತ ಪರೀಕ್ಷೆಯಲ್ಲಿ ಐದು ಮಾರ್ಕಿಗೆ ಬರೆದು ಬರೋ ನಮಗೆ ಅದು ಕೈಗೆ ಸಿಗೋದು ಆವತ್ತೇ.

ಅಲ್ಲಿಯವರೆಗೆ, ಹೊಸ ಸೈಲೆನ್ಸರ್ ತರೋಕೆ ಹೊರಟ ಗೆಳೆಯರಿಗೆ ಒಂದೇ ಪ್ರಶ್ನೆ: ಅಂಗಡಿಯವರನ್ನು "ಅಣ್ಣಾ, ಜೆಟ್ ಯಾವ ನಂಬರಿಂದು ಹಾಕ್ತೀರಾ? ಮ್ಯಾಪ್ ಯಾವುದು?" ಅಂತ ಕೇಳಿದ್ರಾ? ಅವರು "ಅದೆಲ್ಲ ಏನೂ ಬೇಡ, ಸುಮ್ನೆ ಹಾಕ್ಕೊಂಡು ಹೋಗಿ" ಅಂದರೆ, ಸುಮ್ನೆ ವಾಪಸ್ ಬನ್ನಿ. ಕಂಪನಿ ಸೈಲೆನ್ಸರ್ ಇನ್ನೂ ಹತ್ತು ವರ್ಷ ಓಡುತ್ತೆ.