ಜ್ವರದ ಊರು ಯಾವುದು?

ಮಳೆಗಾಲ ಕಾಲಿರಿಸಿದೊಡನೆ ಡೆಂಗ್ಯೂ ಜ್ವರದ ಸುದ್ದಿ ಪತ್ರಿಕೆಗಳಲ್ಲಿ ತಲೆದೋರುವುದು ಈಗ ವಾಡಿಕೆಯಾಗಿದೆ. 2024ನೆಯ ಇಸವಿಯಲ್ಲಿ ಈ ಜ್ವರ ಕರ್ನಾಟಕದಲ್ಲಿ ಎಷ್ಟು ವ್ಯಾಪಕವಾಗಿ ಹಬ್ಬಿತೆಂದರೆ, ಆ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ಸರ್ಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ಅಷ್ಟರೊಳಗೆ ದಾಖಲೆಗೆ ಬಂದ ರೋಗಿಗಳ ಸಂಖ್ಯೆ 20,000ವನ್ನು ಮೀರಿತ್ತು. ಅದರಲ್ಲಿ ಬಹುದೊಡ್ಡ ಪಾಲು ಬೆಂಗಳೂರು ನಗರದ್ದು. ಇಂತಹ ಅಂಕಿಗಳನ್ನು ಓದಿದವರಿಗೆ ರೋಗದ ವ್ಯಾಪ್ತಿಯೆಲ್ಲವೂ ತಿಳಿದಂತೆ ತೋರುವುದು ಸಹಜ. ಆದರೆ ಅಂಕಿ ಹೇಳುವುದು ಜ್ವರ ಬಂದವನ ಊರನ್ನು ಮಾತ್ರ. ಜ್ವರದ ಊರು ಯಾವುದು? ಅದು ಎಲ್ಲಿ ಹುಟ್ಟಿತು, ಎಲ್ಲಿಂದ ಎಲ್ಲಿಗೆ ಪ್ರಯಾಣ ಮಾಡಿತು? ಈ ಪ್ರಶ್ನೆಗೆ ಉತ್ತರ ದೊರೆಯದೆ ರೋಗದ ಅಧ್ಯಯನ ಪೂರ್ಣವಾಗಲಾರದು.

ಈ ಪ್ರಶ್ನೆಯ ಮಹತ್ವವನ್ನು ಅರಿಯಬೇಕಾದರೆ ಕೋಲಾರದ ಚಿನ್ನದ ಗಣಿ ಪ್ರದೇಶದತ್ತ ಕಣ್ಣು ಹಾಯಿಸಬೇಕು. ನೂರು ವರ್ಷಕ್ಕೂ ಮಿಗಿಲಾಗಿ ಸಾವಿರಾರು ಕುಟುಂಬಗಳಿಗೆ ಅನ್ನವಿತ್ತ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಗಣಿ ಮುಚ್ಚಿತು, ಹೊಟ್ಟೆ ಮುಚ್ಚಲಿಲ್ಲ. ಅಂದು ಭೂಗರ್ಭಕ್ಕೆ ಇಳಿಯುತ್ತಿದ್ದವರ ಮಕ್ಕಳು ಇಂದು ರೈಲು ಏರುತ್ತಾರೆ. ನಸುಕಿನಲ್ಲಿ ಮಾರಿಕುಪ್ಪಂ ನಿಲ್ದಾಣವನ್ನು ಬಿಟ್ಟ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲಗಳನ್ನು ದಾಟಿ ಬಂಗಾರಪೇಟೆಯನ್ನು ಸೇರಿ, ಅಲ್ಲಿಂದ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿನತ್ತ ಸಾಗುತ್ತದೆ. ಕಾರ್ಖಾನೆ, ಕಟ್ಟಡ, ಅಂಗಡಿ, ಕಛೇರಿಗಳಲ್ಲಿ ದುಡಿಯುವ ಸಾವಿರಾರು ಜನ ಹಗಲೆಲ್ಲ ಮಹಾನಗರದಲ್ಲಿದ್ದು, ಕತ್ತಲಾದ ಮೇಲೆ ತಮ್ಮ ಮನೆಗಳಿಗೆ ಹಿಂತಿರುಗುತ್ತಾರೆ. ಅವರ ಹಗಲಿಗೊಂದು ಊರು, ಇರುಳಿಗೊಂದು ಊರು.

ಡೆಂಗ್ಯೂವನ್ನು ಹರಡುವ ಈಡಿಸ್ ಸೊಳ್ಳೆಯಾದರೋ ಹಗಲಿನ ಜೀವಿ. ಬೆಳಗಿನ ಹೊತ್ತು ಮತ್ತು ಸಂಜೆಯ ಮುನ್ನ ಅದು ಹೆಚ್ಚಾಗಿ ಕಚ್ಚುತ್ತದೆ. ಅದು ದೂರ ಹಾರುವುದಿಲ್ಲ; ಹುಟ್ಟಿದ ಸ್ಥಳದಿಂದ ಕೆಲವು ನೂರು ಮೀಟರುಗಳೊಳಗೇ ಅದರ ಬಾಳು ಮುಗಿಯುತ್ತದೆ. ಕಚ್ಚಿಸಿಕೊಂಡವನಿಗೆ ನಾಲ್ಕರಿಂದ ಹತ್ತು ದಿನಗಳ ತರುವಾಯ ಜ್ವರ ಕಾಣಿಸಿಕೊಳ್ಳುತ್ತದೆ. ಜ್ವರದ ದಿನಗಳಲ್ಲಿ ಅವನನ್ನು ಕಚ್ಚಿದ ಮತ್ತೊಂದು ಸೊಳ್ಳೆಯ ಒಡಲಲ್ಲಿ ವೈರಾಣು ಬೆಳೆದು, ಸುಮಾರು ಎಂಟು ಹತ್ತು ದಿನಗಳಲ್ಲಿ ಅದೂ ರೋಗವನ್ನು ಹರಡಲು ಸಮರ್ಥವಾಗುತ್ತದೆ. ಸೊಳ್ಳೆ ನೂರಾರು ಮೀಟರು ಹೋದರೆ, ಮನುಷ್ಯ ನೂರಾರು ಕಿಲೋಮೀಟರು ಹೋಗುತ್ತಾನೆ. ಹಾಗಿರುವಲ್ಲಿ ರೋಗವನ್ನು ಊರಿಂದೂರಿಗೆ ಒಯ್ಯುವ ವಾಹನ ಸೊಳ್ಳೆಯೋ, ಮನುಷ್ಯನೋ?

ಇಲ್ಲಿಯೇ ಲೆಕ್ಕದ ತೊಡಕು ಅಡಗಿದೆ. ರಾಬರ್ಟ್‌ಸನ್‌ಪೇಟೆಯ ಒಬ್ಬ ಕಾರ್ಮಿಕ ಬೆಂಗಳೂರಿನ ಕಟ್ಟಡವೊಂದರಲ್ಲಿ ದುಡಿಯುವಾಗ ಸೊಳ್ಳೆ ಕಚ್ಚಿಸಿಕೊಂಡನೆನ್ನಿ. ಜ್ವರ ಬಂದು ಅವನು ಹಾಸಿಗೆ ಹಿಡಿಯುವುದು ತನ್ನ ಮನೆಯಲ್ಲಿ. ಆಸ್ಪತ್ರೆಯ ದಾಖಲೆಯಲ್ಲಿ ಬರೆಯುವುದು ಅವನ ಮನೆಯ ವಿಳಾಸ. ಹೊಗೆ ಹಾಯಿಸುವವರು ಬರುವುದೂ ಆ ವಿಳಾಸಕ್ಕೆ. ಇತ್ತ ಆ ಕಟ್ಟಡದ ತೊಟ್ಟಿಯಲ್ಲಿ ನಿಂತ ನೀರು ನಿಂತೇ ಇರುತ್ತದೆ. ನಾಳೆ ಇನ್ನೊಬ್ಬ ಕಾರ್ಮಿಕ ಅಲ್ಲಿ ಕಚ್ಚಿಸಿಕೊಳ್ಳುತ್ತಾನೆ. ಅತ್ತ ನಗರದ ಲೆಕ್ಕದಲ್ಲಿ ಒಂದು ರೋಗಿ ಕಡಮೆಯಾದಂತೆ ಕಾಣುತ್ತದೆ. ಹಾವು ಹೋದ ಮೇಲೆ ಗೆರೆಯನ್ನು ಬಡಿದಂತೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ರೋಗದ ಮೂಲವನ್ನು ಶೋಧಿಸುವ ವಿದ್ಯೆಯ ಚರಿತ್ರೆಯಲ್ಲಿ ಇದಕ್ಕೊಂದು ಪಾಠವಿದೆ. 1854ರಲ್ಲಿ ಲಂಡನ್ನಿನ ಬ್ರಾಡ್ ಬೀದಿಯ ಸುತ್ತ ಕಾಲರಾ ಹಬ್ಬಿದಾಗ ಜಾನ್ ಸ್ನೋ ಎಂಬ ವೈದ್ಯನು ಅಲ್ಲಿದ್ದ ಒಂದು ನೀರಿನ ಪಂಪಿನ ಮೇಲೆ ಸಂದೇಹಪಟ್ಟು, ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದನು. ಆದರೆ ಅವನ ಊಹೆಗೆ ಬಲವಿತ್ತುದು ಸಮೀಪದ ಸಾವುಗಳಷ್ಟೇ ಅಲ್ಲ. ಬಹುದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆಯೂ ಕಾಲರಾದಿಂದ ತೀರಿಕೊಂಡಿದ್ದಳು. ವಿಚಾರಿಸಿದಾಗ, ಬ್ರಾಡ್ ಬೀದಿಯ ನೀರಿನ ರುಚಿಗೆ ಮನಸೋತಿದ್ದ ಆಕೆ ಅದನ್ನು ತರಿಸಿಕೊಂಡು ಕುಡಿಯುತ್ತಿದ್ದಳೆಂಬುದು ತಿಳಿದುಬಂದಿತು. ಸ್ನೋ ಆಕೆಯ ವಿಳಾಸವನ್ನಷ್ಟೇ ನೋಡಿ ಕೈಬಿಟ್ಟಿದ್ದರೆ ಸತ್ಯದ ಒಂದು ಪ್ರಬಲ ಸಾಕ್ಷಿ ಕಳೆದುಹೋಗುತ್ತಿತ್ತು. ದೂರದ ಒಂದು ರೋಗಿ ಹತ್ತಿರದ ಹತ್ತು ರೋಗಿಗಳಿಗಿಂತ ಹೆಚ್ಚು ಹೇಳಬಲ್ಲದು. ಬಂಗಾರಪೇಟೆಯ ರೋಗಿ ಬೆಂಗಳೂರಿನ ಪಾಲಿಗೆ ಅಂತಹ ಸಾಕ್ಷಿ. ಪೆರು ದೇಶದ ಇಕಿಟೋಸ್ ನಗರದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೂ, ಜನರು ಹಗಲಿನಲ್ಲಿ ಹೋಗಿಬರುವ ಮನೆಗಳ ಜಾಡು ಹಿಡಿದೇ ಡೆಂಗ್ಯೂ ಹರಡುವುದೆಂದು ತೋರಿಸಿಕೊಟ್ಟಿದೆ.

ಆದುದರಿಂದ ಜ್ವರದಿಂದ ಬಂದ ಪ್ರತಿಯೊಬ್ಬನನ್ನೂ ‘ನಿನ್ನ ಮನೆ ಎಲ್ಲಿ?’ ಎಂದು ಕೇಳುವುದರ ಜೊತೆಗೆ ‘ಕಳೆದ ಎರಡು ವಾರ ಹಗಲಿನಲ್ಲಿ ಎಲ್ಲಿದ್ದೆ?’ ಎಂದೂ ಕೇಳಿ ಬರೆದುಕೊಳ್ಳಬೇಕು. ಬರೆದುದನ್ನು ಕೋಲಾರ ಜಿಲ್ಲೆಯೂ ಬೆಂಗಳೂರು ನಗರವೂ ಪರಸ್ಪರ ಹಂಚಿಕೊಳ್ಳಬೇಕು. ಇದಕ್ಕೆ ಆಕ್ಷೇಪಣೆ ಇಲ್ಲದಿಲ್ಲ. ರೋಗಿಗಳ ಸಾಲು ಬೆಳೆದಿರುವಾಗ ವೈದ್ಯರಿಗೆ ಪ್ರಶ್ನೆ ಕೇಳಲು ಪುರುಸೊತ್ತೆಲ್ಲಿ ಎನ್ನುವರು ಕೆಲವರು. ವೈರಾಣು ಹೊಕ್ಕವರಲ್ಲಿ ಬಹುಮಂದಿಗೆ ಜ್ವರದ ಲಕ್ಷಣಗಳೇ ತೋರುವುದಿಲ್ಲ, ಹೀಗಾಗಿ ಜಾಡು ಅಪೂರ್ಣವೇ ಸರಿ ಎನ್ನುವರು ಮತ್ತೆ ಕೆಲವರು. ಈ ಮಾತುಗಳಲ್ಲಿ ಸತ್ಯಾಂಶವಿದೆ. ಆದರೆ ಒಬ್ಬೊಬ್ಬನ ಉತ್ತರವೂ ಕರಾರುವಾಕ್ಕಾಗಿರಬೇಕೆಂದಿಲ್ಲ. ನೂರು ಜನರ ಉತ್ತರಗಳನ್ನು ಒಟ್ಟಿಗೆ ಇಟ್ಟಾಗ ಒಂದೇ ಬಡಾವಣೆ, ಒಂದೇ ಕಟ್ಟಡ ಮತ್ತೆ ಮತ್ತೆ ಕಣ್ಣಿಗೆ ಬಿದ್ದರೆ ಸಾಕು, ಹುಡುಕಬೇಕಾದ ಸ್ಥಳ ತಾನಾಗಿ ಗೋಚರಿಸುತ್ತದೆ. ಒಂದು ಪ್ರಶ್ನೆಗೆ ತಗಲುವ ಹೊತ್ತು ಅರ್ಧ ನಿಮಿಷ. ಅದನ್ನು ಕೇಳದಿದ್ದರೆ ಆಗುವ ಹಾನಿ ಒಂದು ಋತುವಿನದು.

ಶೋಧನೆಗೆ ದೊಡ್ಡ ಪ್ರಯೋಗಶಾಲೆಯೇ ಬೇಕೆಂದು ಭಾವಿಸಬಾರದು. ಮಲೇರಿಯಾದ ಪರೋಪಜೀವಿಯನ್ನು ಸೊಳ್ಳೆಯ ಒಡಲಲ್ಲಿ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕೂ ಮುಂಚೆ 1883ರಲ್ಲಿ ಬೆಂಗಳೂರಿನಲ್ಲಿ ಸೇನಾವೈದ್ಯನಾಗಿದ್ದಾಗ, ತನ್ನ ಬಂಗಲೆಯ ಕಿಟಕಿಯ ಬಳಿಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳನ್ನು ಕಂಡು ತೊಟ್ಟಿಯನ್ನು ಬರಿದುಮಾಡಿದನು. ಕೋಣೆಯ ಸೊಳ್ಳೆಗಳು ಕಡಮೆಯಾದವು. ಇನ್ನು ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಸುತ್ತಣ ಹಳ್ಳಿಗಳಲ್ಲಿಯೇ, ಮಲೇರಿಯಾ ಸಂಶೋಧಕರು ಬಾವಿಗಳಿಗೆ ಗಪ್ಪಿ ಮೀನುಗಳನ್ನು ಬಿಟ್ಟು ಆ ರೋಗವನ್ನು ಗಣನೀಯವಾಗಿ ತಗ್ಗಿಸಿದರು. ಅಲ್ಲಿ ಮಲೇರಿಯಾದ ಸೊಳ್ಳೆ ಬಾವಿಯಲ್ಲಿ ಹುಟ್ಟುವುದೆಂದು ಮೊದಲು ತಿಳಿದರು, ಅನಂತರ ಮೀನು ಬಿಟ್ಟರು. ಎಲ್ಲಿ ಎಂಬುದನ್ನು ಅರಿತ ಮೇಲೆಯೇ ಏನು ಮಾಡಬೇಕೆಂಬುದು ತೀರ್ಮಾನವಾಯಿತು.

ಡೆಂಗ್ಯೂ ಸೊಳ್ಳೆ ಹುಟ್ಟುವುದು ಕೆರೆಯಲ್ಲೂ ಅಲ್ಲ, ಚರಂಡಿಯ ಕೊಚ್ಚೆಯಲ್ಲೂ ಅಲ್ಲ. ಡ್ರಮ್ಮು, ತೊಟ್ಟಿ, ಹೂಕುಂಡ, ಒಡೆದ ಟೈರು, ತೆಂಗಿನ ಚಿಪ್ಪು ಇವುಗಳಲ್ಲಿ ನಿಂತ ತಿಳಿನೀರೇ ಅದರ ತೊಟ್ಟಿಲು. ಅದರ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದುದರಿಂದ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ಪಾತ್ರೆಯನ್ನು ಉಜ್ಜಿ ತೊಳೆಯಬೇಕು. 2024ರ ನಿಯಮಗಳಂತೆ ಸೊಳ್ಳೆ ಬೆಳೆಯಲು ಎಡೆಗೊಡುವ ಮನೆಯವರಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡವುಂಟು. ದಂಡ ಬೇಡವೆನ್ನಲಾಗದು. ಆದರೆ ಜೀವನದಿಯಿಲ್ಲದ ಜಿಲ್ಲೆಯಲ್ಲಿ, ನಲ್ಲಿಯ ನೀರನ್ನು ನಂಬಲಾಗದ ಗಣಿಯ ಹಳೆಯ ಸಾಲುಮನೆಗಳಲ್ಲಿ, ಡ್ರಮ್ಮಿನಲ್ಲಿ ನೀರು ತುಂಬಿಡುವುದು ಅಜಾಗರೂಕತೆಯಲ್ಲ, ಅನಿವಾರ್ಯತೆ. ಬಾಯಾರಿಕೆಗೆ ದಂಡ ವಿಧಿಸುವುದು ನ್ಯಾಯವೆ? ಅಂತಹ ಮನೆಗೆ ದಂಡದ ರಸೀತಿಗಿಂತ ಮೊದಲು ಡ್ರಮ್ಮಿಗೊಂದು ಬಿಗಿಯಾದ ಮುಚ್ಚಳ ತಲುಪಬೇಕು.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ‘ಎಲ್ಲಿದ್ದೆ?’ ಎಂಬ ಪ್ರಶ್ನೆ ಆಪಾದನೆಯಾಗಕೂಡದು. 1898ರಲ್ಲಿ ಪ್ಲೇಗು ಮೈಸೂರು ಸಂಸ್ಥಾನವನ್ನು ಹೊಕ್ಕಾಗ ಪ್ರಯಾಣಿಕರ ತಪಾಸಣೆಯೂ ರೋಗಿಗಳನ್ನು ಬೇರ್ಪಡಿಸುವ ಕ್ರಮಗಳೂ ಜನರಲ್ಲಿ ಭೀತಿಯನ್ನು ಹುಟ್ಟಿಸಿದವು. ಭೀತಿಗೊಂಡವರು ರೋಗಿಗಳನ್ನು ಬಚ್ಚಿಟ್ಟರು. ಬಚ್ಚಿಟ್ಟ ಮನೆಯಲ್ಲಿ ರೋಗ ಬೆಳೆಯಿತು. ದಿನಗೂಲಿಯ ಮೇಲೆ ಬದುಕುವ ರೈಲು ಪ್ರಯಾಣಿಕನು ಜ್ವರವನ್ನು ಹೇಳಿಕೊಂಡರೆ ಕೆಲಸ ಹೋಗುವುದೆಂದು ಹೆದರಿದನಾದರೆ, ಮಾತ್ರೆ ನುಂಗಿ ಮೈಯ ಕಾವನ್ನು ಮರೆಸಿ ಮರುದಿನವೂ ರೈಲು ಹತ್ತುತ್ತಾನೆ. ಡೆಂಗ್ಯೂವಿನಲ್ಲಿ ಜ್ವರ ಇಳಿದ ಬಳಿಕವೇ ಅಪಾಯದ ಘಳಿಗೆ ಬರುವುದುಂಟು. ಹೊಟ್ಟೆನೋವು, ಎಡೆಬಿಡದ ವಾಂತಿ, ರಕ್ತಸ್ರಾವ, ಅತಿಯಾದ ನಿತ್ರಾಣ ಕಂಡೊಡನೆ ಆಸ್ಪತ್ರೆ ಸೇರಬೇಕು. ಅವನನ್ನು ಹೆದರಿಸುವ ಲೆಕ್ಕ ಅವನ ಪ್ರಾಣಕ್ಕೂ ಎರವು, ಊರಿಗೂ ಎರವು.

ಚಿನ್ನದ ಗಣಿಗೆ ಬೆಳಕು ನೀಡಲು 1902ರಲ್ಲಿ ದೂರದ ಶಿವನಸಮುದ್ರದಿಂದ ವಿದ್ಯುತ್ತು ಹರಿದು ಬಂದಿತು. ಅಂದು ದೂರ ಅಡ್ಡಿಯಾಗಲಿಲ್ಲ. ಇಂದು ಆ ಗಣಿಯ ಮಕ್ಕಳು ತಮ್ಮ ದುಡಿಮೆಯಿಂದ ಮಹಾನಗರವನ್ನು ಬೆಳಗುತ್ತಿದ್ದಾರೆ. ಅವರ ಬೆವರನ್ನು ತನ್ನದೆಂದು ಎಣಿಸುವ ನಗರವು ಅವರ ಜ್ವರವನ್ನೂ ತನ್ನದೆಂದು ಎಣಿಸಬೇಕು. ರೋಗದ ನಕ್ಷೆಯ ಗಡಿ ನಗರಪಾಲಿಕೆಯ ಗಡಿಯಲ್ಲಿ ನಿಲ್ಲದೆ, ರೈಲು ಹೋಗುವಷ್ಟು ದೂರ ಹೋಗಬೇಕು.