ಕೋಳಿಮರಿಗೆ ಜೂನ್ ತಿಂಗಳು ಸಲ್ಲದು

ಸದಸ್ಯ ಬಾಂಧವರಲ್ಲಿ ಮೊದಲು ಒಂದು ತಪ್ಪೊಪ್ಪಿಗೆ. ನಮ್ಮ ಸಂಘದಿಂದ ಕೋಳಿಮರಿಗಳನ್ನು ಪ್ರತಿವರ್ಷ ಜೂನ್ ಮೊದಲ ವಾರದಲ್ಲಿ ತರಿಸಿಕೊಡುವ ರೂಢಿ ನಡೆದುಬಂದಿದೆ. ಗೊಬ್ಬರ, ಮೈಲುತುತ್ತಕ್ಕೆಂದು ಸದಸ್ಯರು ಹೇಗೂ ಬರುತ್ತಾರೆ, ಒಂದೇ ಓಡಾಟದಲ್ಲಿ ಎರಡು ಕೆಲಸವಾಗಲಿ ಎಂಬುದು ಅದರ ಹಿಂದಿನ ಲೆಕ್ಕ. ಆ ಲೆಕ್ಕ ಹಾಕಿದವನು ನಾನೇ. ಕಳೆದ ಮಳೆಗಾಲದಲ್ಲಿ ನಾನು ಮನೆಗೆ ಒಯ್ದ 50 ಮರಿಗಳ ಪೈಕಿ ಆಶ್ಲೇಷ ಮಳೆ ಮುಗಿಯುವ ಹೊತ್ತಿಗೆ ಉಳಿದವು 19. ಹಲವು ಸದಸ್ಯರ ಮನೆಯಲ್ಲೂ ಇದೇ ಕಥೆ. ದೋಷ ಮರಿಯದೂ ಅಲ್ಲ, ತಳಿಯದೂ ಅಲ್ಲ, ತಿಂಗಳಿನದು.

ನಾವು ಸಾಕುವುದು ಹೆಚ್ಚಾಗಿ ಭಾರದ ತಳಿಗಳನ್ನು: ರೋಡ್ ಐಲೆಂಡ್ ರೆಡ್, ಆಸ್ಟ್ರಲಾರ್ಪ್, 1989ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಹೊರತಂದ ಗಿರಿರಾಜ. ಮೊಟ್ಟೆಯೂ ಆಗಬೇಕು, ಕೊನೆಗೆ ಮಾಂಸಕ್ಕೂ ಬೆಲೆ ಬರಬೇಕು ಎನ್ನುವ ಸಣ್ಣ ಬೆಳೆಗಾರನಿಗೆ ಇವು ಸರಿಯೇ. ಆಸ್ಟ್ರಲಾರ್ಪ್ ಜಾತಿಯ ಆರು ಹೇಂಟೆಗಳು 1922-23ರಲ್ಲಿ ಆಸ್ಟ್ರೇಲಿಯಾದಲ್ಲಿ 365 ದಿನಗಳಲ್ಲಿ 1,857 ಮೊಟ್ಟೆ ಇಟ್ಟ ದಾಖಲೆ ಇದೆ. ಅದನ್ನು ಓದಿ ನಮ್ಮ ಹಿತ್ತಿಲಲ್ಲೂ ಹಾಗೇ ಆದೀತೆಂದು ಕಾದು ಕೂತರೆ ಮಾತ್ರ ಬುಟ್ಟಿ ತುಂಬುವುದಿಲ್ಲ.

ಇಂಗ್ಲಿಷ್ ಪುಸ್ತಕಗಳಲ್ಲಿ ಚಳಿಗಾಲದಲ್ಲಿ ಮೊಟ್ಟೆ ನಿಲ್ಲುತ್ತದೆ ಎಂದು ಬರೆದಿರುತ್ತದೆ. ಅದು ಅಲ್ಲಿಯ ಮಾತು. ಲಂಡನ್ನಿನಲ್ಲಿ ಡಿಸೆಂಬರ್ ಹಗಲು 8 ಗಂಟೆಗೂ ಕಡಿಮೆ, ಜೂನ್ ಹಗಲು 16 ಗಂಟೆಗೂ ಹೆಚ್ಚು. ಹೇಂಟೆ ಚೆನ್ನಾಗಿ ಮೊಟ್ಟೆ ಇಡಲು ದಿನಕ್ಕೆ ಸುಮಾರು 14 ಗಂಟೆ ಬೆಳಕು ಬೇಕು. ನಮ್ಮಲ್ಲಿ ಅತಿ ದೊಡ್ಡ ಹಗಲಿಗೂ ಅತಿ ಸಣ್ಣ ಹಗಲಿಗೂ ಅಂತರ ಒಂದೂವರೆ ಗಂಟೆ ಮಾತ್ರ. ಅತಿ ದೊಡ್ಡ ಹಗಲು ಕೂಡ 13 ಗಂಟೆ ಮುಟ್ಟುವುದಿಲ್ಲ. ಹಾಗಾಗಿ ನಮಗೆ ಚಳಿಗಾಲ ಶತ್ರುವಲ್ಲ. ಬೆಳಗಿನ ಜಾವ ಗೂಡಿನಲ್ಲಿ ಒಂದು ಬಲ್ಬು ಉರಿಸಿದರೆ ಕೊರತೆ ತುಂಬುತ್ತದೆ. ಆದರೆ ನಾಲ್ಕು ದಿನ ಉರಿಸಿ ನಾಲ್ಕು ದಿನ ಮರೆಯುವವರು ಉರಿಸದೇ ಇರುವುದು ಲೇಸು. ಬೆಳಕು ಏಕಾಏಕಿ ಕಡಿಮೆಯಾದರೆ ಕೋಳಿ ಗರಿ ಉದುರಿಸಿ ಮೊಟ್ಟೆ ನಿಲ್ಲಿಸಿಬಿಡುತ್ತದೆ.

ನಮ್ಮ ನಿಜವಾದ ಕಷ್ಟ ಎರಡು: ಮಾರ್ಚ್‌ನಿಂದ ಮೇವರೆಗಿನ ಸೆಕೆ, ಆಮೇಲಿನ ಮಳೆ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಮೂರು ಕಿಲೋ ತೂಗುವ, ದಟ್ಟ ಗರಿಯ ಹೇಂಟೆಗೆ ಒಳಗಿನ ಬಿಸಿ ಹೊರಹಾಕುವುದು ಹಗುರ ಮೈಯ ಲೆಗಾರ್ನಿಗಿಂತ ಬಹಳ ಕಷ್ಟ. ಮೇವು ತಿಂದರೆ ಮೈಬಿಸಿ ಏರುವುದರಿಂದ ತಿನ್ನುವುದನ್ನೇ ಕಡಿಮೆ ಮಾಡುತ್ತದೆ. ಏದುಸಿರಿನೊಂದಿಗೆ ಇಂಗಾಲಾಮ್ಲ ಹೊರಹೋಗಿ, ಚಿಪ್ಪು ಕಟ್ಟಲು ಬೇಕಾದ ಸಾಮಗ್ರಿ ರಕ್ತದಲ್ಲಿ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಕೈಯಲ್ಲಿ ಹಿಡಿದರೆ ಒಡೆಯುವ ಮೊಟ್ಟೆಯ ಗುಟ್ಟು ಇದೇ. ತಗಡಿನ ಮಾಡಿನ ಮೇಲೆ ಅಡಿಕೆ ಸೋಗೆ ಹೊದಿಸಿ, ತಣ್ಣೀರು ಬದಲಿಸುತ್ತಾ, ಮೇವನ್ನು ನಸುಕಿನಲ್ಲೂ ಸಂಜೆಯಲ್ಲೂ ಕೊಟ್ಟು, ಪುಡಿಮಾಡಿದ ಕಪ್ಪೆಚಿಪ್ಪು ಬೇರೆ ಪಾತ್ರೆಯಲ್ಲಿಟ್ಟರೆ ದೊಡ್ಡ ಕೋಳಿಗಳು ಹೇಗೋ ದಾಟುತ್ತವೆ.

ಮಳೆಗಾಲದಲ್ಲಿ ಮರಿಗೆ ಇಂಥ ಉಪಾಯಗಳು ಸಾಲವು. ಆರಿದ್ರಾ ಹಿಡಿದರೆ ನಮ್ಮಲ್ಲಿ ಹಾಸಿಗೆ ಹಾಕಿದ ಭತ್ತದ ಹೊಟ್ಟು ಒಣಗುವುದೇ ಇಲ್ಲ. ತೇವದ ಹಾಸಿನಲ್ಲಿ ಅಮೋನಿಯಾ ವಾಸನೆ, ಅದರ ಹಿಂದೆಯೇ ರಕ್ತಭೇದಿ; ಮೂರರಿಂದ ಎಂಟು ವಾರದ ಮರಿಗಳೇ ಅದಕ್ಕೆ ಮೊದಲ ತುತ್ತು. ಮೇವಿನ ಮೆಕ್ಕೆಜೋಳ, ಕಡಲೆ ಹಿಂಡಿಗೆ ಬೂಷ್ಟು ಬಂದು ವಿಷವಾಗುತ್ತದೆ. ಬ್ರೂಡರಿನ ಬಲ್ಬಿಗೆ ಕರೆಂಟು ಬೇಕು. ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕತ್ತಲಾದರೆ ಯಾರನ್ನು ಕೇಳೋಣ? ಕೊಳೆರೋಗ ಬರುವ ಮೊದಲೇ ಅಡಿಕೆಗೆ ಬೋರ್ಡೋ ಹೊಡೆಯುವ ನಾವು, ಕೋಳಿಯ ಮಟ್ಟಿಗೆ ಮಳೆಯ ಬಾಯಿಗೇ ಮರಿ ತಂದು ಹಾಕುತ್ತಿದ್ದೇವೆ.

ಇಷ್ಟಾದರೂ ಬದುಕಿದ ಜೂನ್ ಮರಿ ಮೊಟ್ಟೆ ಶುರುಮಾಡುವುದು ಡಿಸೆಂಬರಿನಲ್ಲಿ, ಕಾಫಿ ಕೊಯ್ಲು ಅರ್ಧ ಮುಗಿದ ಮೇಲೆ. ಮೊಟ್ಟೆ ಜೋರು ಹಿಡಿಯುವಷ್ಟರಲ್ಲಿ ಸೆಕೆ ಬಂದಿರುತ್ತದೆ.

ಫೆಬ್ರವರಿಯಲ್ಲಿ ತಂದರೆ ಲೆಕ್ಕವೇ ಬೇರೆ. ದೊಡ್ಡ ಕೋಳಿಗೆ ಶಾಪವಾದ ಸೆಕೆ ಮರಿಗೆ ವರ. ಕಾವಿಗೆ ಇದ್ದಿಲು, ಕರೆಂಟು ಎರಡೂ ಉಳಿಯುತ್ತವೆ, ಹಾಸು ಒಣಗಿರುತ್ತದೆ. ಮಳೆ ಹಿಡಿಯುವಾಗ ಮೂರೂವರೆ ತಿಂಗಳು ತುಂಬಿ, ಕೊಕ್ಕರೆ ರೋಗದ ಲಸಿಕೆಗಳು ಮುಗಿದಿರುತ್ತವೆ. ಆಗಸ್ಟ್-ಸೆಪ್ಟೆಂಬರಿನಲ್ಲಿ ಮೊದಲ ಮೊಟ್ಟೆ. ತೋಟದಲ್ಲಿ ಕೊಯ್ಲಿನವರು ತುಂಬಿರುವ ನವೆಂಬರ್-ಜನವರಿಯಲ್ಲಿ ಬುಟ್ಟಿ ತುಂಬ. ಮಾರಲು ಪೇಟೆಗೆ ಹೋಗಬೇಕಾಗಿಲ್ಲ, ಲೈನಿನ ಬಾಗಿಲಲ್ಲೇ ಗಿರಾಕಿ. ಮುಂದಿನ ಯುಗಾದಿಯ ಹೊಸತೊಡಕಿಗೆ, ಸೆಕೆ ಏರುವ ಮೊದಲೇ, ಬೊಜ್ಜು ಬಂದವನ್ನೂ ಸದಾ ಕಾವಿಗೆ ಕೂರುವವನ್ನೂ ತೂಕಕ್ಕೆ ಮಾರಬಹುದು. (ಕೋಳಿಯ ಮಾತೇ ಬೇಡವೆನ್ನುವ ಅಡಿಕೆ ತೋಟದ ಹಿರಿಯರು ಈ ಪುಟವನ್ನು ಮನ್ನಿಸಬೇಕು.)

ಒಂದು ಆಕ್ಷೇಪ ಬರುತ್ತದೆಂದು ಗೊತ್ತು: ಫೆಬ್ರವರಿಯಲ್ಲಿ ರೊಬಸ್ಟಾ ಕೊಯ್ಲು, ಒಣಗಿಸುವ ಗಡಿಬಿಡಿ, ಮರಿ ನೋಡುವವರು ಯಾರು? ನಿಜ. ನಮ್ಮ ಮನೆಯಲ್ಲೂ ಆ ಪ್ರಶ್ನೆ ಎದ್ದಿತು, ಕೇಳಿದವರು ಮರಿಗಳನ್ನು ನಿಜವಾಗಿ ಸಾಕುವ ನನ್ನ ಪತ್ನಿಯೇ. ಮರಿಗಳಿಗೆ ಎಚ್ಚರದ ಆರೈಕೆ ಬೇಕಾದದ್ದು ಮೊದಲ ಮೂರು ವಾರ. ಅದನ್ನು ಸಂಘವೇ ಗೋದಾಮಿನ ಪಕ್ಕದ ಖಾಲಿ ಕೋಣೆಯಲ್ಲಿ ಮಾಡಿ, ಮೂರು ವಾರದ ಮರಿಗಳನ್ನು ಹಂಚಬಹುದು. ಬೆಲೆ ಸ್ವಲ್ಪ ಏರುತ್ತದೆ, ಸತ್ತ ಮರಿಗೆ ಕೊಟ್ಟ ಹಣಕ್ಕಿಂತ ಕಡಿಮೆಯೇ.

ಈ ಸಲಹೆಯನ್ನು ಮುಂದಿನ ಆಡಳಿತ ಮಂಡಲಿಯ ಸಭೆಗೆ ಇಡುತ್ತಿದ್ದೇನೆ. ಒಪ್ಪುವವರು ಎಷ್ಟು ಮರಿ ಬೇಕೆಂದು ನವೆಂಬರ್ 30ರೊಳಗೆ ಕಚೇರಿಯಲ್ಲಿ ಬರೆಸಿ. ಒಪ್ಪದವರು ತಮ್ಮ ಜೂನ್ ಮರಿಗಳಲ್ಲಿ ಎಷ್ಟು ಉಳಿದವೆಂಬ ಲೆಕ್ಕದೊಂದಿಗೆ ಸಭೆಗೆ ಬನ್ನಿ.