ಓಣಿಗೆಲ್ಲ ಕೇಳಿದ ವಿಳಾಸ

ಹೋದ ತಿಂಗಳು ಒಂದು ರಾತ್ರಿ ನಮ್ಮ ಓಣಿಯ ಕೊನೆಯ ಮನೆಯ ಸೊಸೆ 112ಕ್ಕೆ ಫೋನ್ ಹಚ್ಚಿದಳು. ತವರಿನಿಂದ ಬರಬೇಕಾಗಿದ್ದ ಎರಡು ತೊಲೆ ಬಂಗಾರ ಬರಲಿಲ್ಲವೆಂದು ಗಂಡ ಬೆಲ್ಟ್ ಬಿಚ್ಚಿದ್ದ. ಗಸ್ತಿನ ಗಾಡಿಯೇನೋ ಬಂತು. ಆದರೆ ಪೊಲೀಸರು ಕೆಳಗಿಳಿಯುವ ಮೊದಲೇ ಅವರ ವೈರ್‌ಲೆಸ್ ಸೆಟ್ಟಿನ ಧ್ವನಿ ಓಣಿಗೆಲ್ಲ ಕೇಳಿಸಿತು: ಮನೆ ನಂಬರು, ಫೋನ್ ಮಾಡಿದವಳ ಹೆಸರು, ಕೊನೆಗೆ "ಗಂಡ-ಹೆಂಡತಿ ಜಗಳ" ಎಂಬ ಷರಾ. ಕಟ್ಟೆಯ ಮೇಲೆ ಕುಳಿತಿದ್ದ ಮೈದುನ ಅದನ್ನು ಕೇಳಿಸಿಕೊಂಡು ನೆಟ್ಟಗೆ ಒಳಗೆ ಹೋದ. ಪೊಲೀಸರು ಬಾಗಿಲು ತಟ್ಟುವ ಹೊತ್ತಿಗೆ ಅವಳ ಮೊಬೈಲು ನೀರಿನ ಹಂಡೆಯಲ್ಲಿತ್ತು. ಅತ್ತೆ ನಗುನಗುತ್ತ ಬಾಗಿಲು ತೆರೆದು, "ಏನಿಲ್ಲ ಬಿಡ್ರೀ ಸಾಹೇಬ್ರ, ಮನೀ ಮಾತು" ಎಂದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಬುದ್ಧಿ ಹೇಳಿ ಅವರು ಹೊರಟುಹೋದರು. ಆ ಗಾದೆ ಕಟ್ಟಿದವನು, ಉಂಡು ಮಲಗಿದ ಮೇಲೆ ಮತ್ತೆ ಏಳದ ಹೆಂಗಸನ್ನು ನೋಡಿರಲಿಕ್ಕಿಲ್ಲ.

ಮರುದಿನ ಸಂಘದ ಇಬ್ಬರನ್ನು ಕರೆದುಕೊಂಡು ಅವಳೊಂದಿಗೆ ಠಾಣೆಗೆ ಹೋದೆ. "ಹತ್ತು ನಿಮಿಷದಾಗ ಗಾಡಿ ಬಂದೈತ್ರಿ ಮೇಡಂ" ಎಂದರು. "ಇಲ್ರೀ, ಮುಕ್ಕಾಲು ತಾಸಾತು" ಎಂದಳು ಅವಳು. ಫೋನ್ ನೀರುಪಾಲಾಗಿದ್ದರಿಂದ ಅವಳ ಬಳಿ ಪುರಾವೆಯಿಲ್ಲ. ಹಾಗಾದರೆ ಕಂಟ್ರೋಲ್ ರೂಮಿನ ದಾಖಲೆ ತೋರಿಸಿ ಎಂದೆ. "ಅದು ಗೌಪ್ಯ ಅದರೀ."

ಗೆಳತಿಯರೇ, ಆ ಮಾತು ಇನ್ನೂ ನನ್ನನ್ನು ಕೊರೆಯುತ್ತಿದೆ. ಹೊಡೆತ ತಿನ್ನುತ್ತಿರುವವಳ ಹೆಸರು, ವಿಳಾಸ ಓಣಿಗೆಲ್ಲ ಬಹಿರಂಗ. ಗಾಡಿ ಎಷ್ಟು ಗಂಟೆಗೆ ಬಂತೆಂಬುದು ಮಾತ್ರ ಗೌಪ್ಯ!

ಪೊಲೀಸರ ವೈರ್‌ಲೆಸ್ ಮಾತನ್ನು ಜನ ಕೇಳಬೇಕೋ ಬೇಡವೋ ಎಂಬುದು ಅಮೆರಿಕದಲ್ಲಿ ದೊಡ್ಡ ಜಗಳ. ಅಲ್ಲಿ ಪತ್ರಕರ್ತರೂ ಸಾಮಾನ್ಯರೂ ಸ್ಕ್ಯಾನರ್ ಎಂಬ ಸಣ್ಣ ರೇಡಿಯೋ ಇಟ್ಟುಕೊಂಡು ಪೊಲೀಸರ ಮಾತು ಕೇಳುವ ರೂಢಿ ಹಳೆಯದು. ಈಗ ಒಂದೊಂದೇ ಊರು ಆ ಮಾತನ್ನು ಗೂಢಲಿಪಿಗೆ ತಿರುಗಿಸುತ್ತಿದೆ. ನಾನು ಇತಿಹಾಸ ಕಲಿಸಿದವಳು, ಯಂತ್ರದ ಒಳಗುಟ್ಟು ನನಗೆ ದೂರ. ತಿಳಿದಷ್ಟು ಹೇಳುತ್ತೇನೆ: ಯಂತ್ರ ಮಾತನ್ನು ಕಲಸಿ ಗಾಳಿಗೆ ಬಿಡುತ್ತದೆ, ಅದೇ ಕೀಲಿಕೈ ಇರುವ ಸೆಟ್ಟು ಮಾತ್ರ ಅದನ್ನು ಮತ್ತೆ ಮಾತಾಗಿಸುತ್ತದೆ. ನ್ಯೂಯಾರ್ಕ್ ಪೊಲೀಸರು ಇದನ್ನು 2023ರಲ್ಲಿ ಆರಂಭಿಸಿದರು. ಶಿಕಾಗೋ 2022ರಿಂದ ಒಂದು ನಡುದಾರಿ ಹಿಡಿದಿದೆ: ಮಾತು ಜನರಿಗೆ ಸಿಗುತ್ತದೆ, ಆದರೆ ಅರ್ಧ ತಾಸು ತಡವಾಗಿ. ನಮ್ಮಲ್ಲಂತೂ ಪೊಲೀಸರ ಮಾತು ಕದ್ದು ಕೇಳುವ ಹಕ್ಕು ಜನರಿಗೆ ಎಂದೂ ಇರಲಿಲ್ಲ. ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದೇ 1933ರ ಕಾಯ್ದೆಯ ಪ್ರಕಾರ ಅಪರಾಧವಾಗಿತ್ತು.

ಮಾತು ನಡೆಯುವಾಗ ಅದಕ್ಕೆ ಬೀಗವಿರಲಿ ಎಂಬ ಪಕ್ಷ ನನ್ನದು. ನಮ್ಮ ಓಣಿಯ ಆ ಹೆಣ್ಣುಮಗಳೇ ಅದಕ್ಕೆ ಕಾರಣ. (ಹೆಗಲ ಮೇಲಿನ ಸೆಟ್ಟು ಕೂಗುತ್ತಿದ್ದರೆ ಯಾವ ಗೂಢಲಿಪಿಯೂ ಕೆಲಸಕ್ಕೆ ಬಾರದು. ಅದಕ್ಕೆ ಬೇಕಾದದ್ದು ಕಿವಿಗೆ ಸಿಕ್ಕಿಸುವ ಒಂದು ವೈರು, ಒಂದಿಷ್ಟು ವಿವೇಕ.) ಆದರೆ ಮಾತು ಮುಗಿದ ಮೇಲೆ ಅದರ ದಾಖಲೆ ಸಂಬಂಧಪಟ್ಟ ಹೆಂಗಸಿನ ಕೈಗೆ ಸಿಗಲೇಬೇಕು. ಎರಡಕ್ಕೂ ಒಂದೇ ಬೀಗ ಹಾಕಿ ಕೀಲಿಕೈಯನ್ನು ಇಲಾಖೆಯೇ ಇಟ್ಟುಕೊಳ್ಳುವುದನ್ನು ನಾನು ಒಪ್ಪಲಾರೆ.

ಇವೆರಡೂ ಒಟ್ಟಿಗೆ ಏಕೆ ಬೇಕೆಂದು 2008ರ ನವೆಂಬರ್ 26ರ ಮುಂಬೈ ನಮಗೆ ತೋರಿಸಿತು. ಕಾರ್ಯಾಚರಣೆಯನ್ನು ಟಿ.ವಿ. ವಾಹಿನಿಗಳು ನೇರ ಪ್ರಸಾರ ಮಾಡಿದ್ದರಿಂದ ಪೊಲೀಸರು, ಕಮಾಂಡೋಗಳ ಜೀವಕ್ಕೇ ಕುತ್ತು ಬಂತೆಂದು 2012ರಲ್ಲಿ ಸುಪ್ರೀಂ ಕೋರ್ಟ್ ಟೀಕಿಸಿತು. ಅದೇ ರಾತ್ರಿ ಕಾಮಾ ಆಸ್ಪತ್ರೆಯ ಪಕ್ಕದ ಗಲ್ಲಿಯಲ್ಲಿ ಹೇಮಂತ ಕರ್ಕರೆ, ವಿಜಯ ಸಾಲಸ್ಕರ್ ಅವರೊಂದಿಗೆ ಅಶೋಕ ಕಾಮ್ಟೆ ಎಂಬ ಅಧಿಕಾರಿಯೂ ಗುಂಡಿಗೆ ಬಲಿಯಾದರು. ನನ್ನ ಗಂಡ ಆ ಗಲ್ಲಿಗೆ ಹೋದದ್ದು ಹೇಗೆ, ನೆರವು ಏಕೆ ಬರಲಿಲ್ಲ ಎಂದು ಅವರ ಪತ್ನಿ ವಿನೀತಾ ಕಾಮ್ಟೆ ಕೇಳಿದರು. ಸಮಾಧಾನದ ಉತ್ತರ ಸಿಗದಿದ್ದಾಗ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಮುಂಬೈ ಪೊಲೀಸ್ ಕಂಟ್ರೋಲ್ ರೂಮಿನ ಆ ರಾತ್ರಿಯ ದಾಖಲೆ ಪಡೆದರು. ನೆರವು ತಡವಾಯಿತೆಂದು 2009ರಲ್ಲಿ ಪುಸ್ತಕವನ್ನೇ ಬರೆದರು. ಪೊಲೀಸ್ ಅಧಿಕಾರಿಗಳು ಅದನ್ನು ಒಪ್ಪಲಿಲ್ಲ, ವಾದ ಬೆಳೆಯಿತು. ಬೆಳೆಯಲಿ. ದಾಖಲೆ ಕೈಗೆ ಬಂದಿದ್ದರಿಂದಲೇ ಅದು ವಾದವಾಯಿತು. ಇಲ್ಲದಿದ್ದರೆ ಒಬ್ಬ ವಿಧವೆಯ ಗೋಳೆಂದು ಎಲ್ಲರೂ ಮರೆಯುತ್ತಿದ್ದರು.

ದೊಡ್ಡ ಅಧಿಕಾರಿಯ ಹೆಂಡತಿಗೇ ಇಷ್ಟು ಓಡಾಟವಾದರೆ ನಮ್ಮ ಪಾಡೇನು? 2024ರ ಮೇ 15ರ ನಸುಕಿನಲ್ಲಿ ನಮ್ಮ ಹುಬ್ಬಳ್ಳಿಯ ವೀರಾಪುರ ಓಣಿಯಲ್ಲಿ ಇಪ್ಪತ್ತು ವರ್ಷದ ಹುಡುಗಿಯನ್ನು ಮನೆಯೊಳಗೇ ಇರಿದು ಕೊಂದದ್ದು ನಿಮಗೆಲ್ಲ ನೆನಪಿದೆ. ಬೆದರಿಕೆ ಇದೆಯೆಂದು ಮೊದಲೇ ಠಾಣೆಗೆ ಹೋಗಿ ಹೇಳಿದ್ದೆವು, ಯಾರೂ ಕಿವಿಗೊಡಲಿಲ್ಲ ಎಂದು ಮನೆಯವರು ಅತ್ತರು. ಕರ್ತವ್ಯಲೋಪವೆಂದು ಇನ್‌ಸ್ಪೆಕ್ಟರನ್ನೂ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೆಬಲ್ಲನ್ನೂ ಅಮಾನತು ಮಾಡಿದರು. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಗುರುತು ಉಳಿಯುವುದು ಬರೆದಿಟ್ಟರೆ ಮಾತ್ರ. ಗಂಭೀರ ಅಪರಾಧದ ಸುದ್ದಿ ಬಂದರೆ ಎಫ್.ಐ.ಆರ್. ಮಾಡಲೇಬೇಕು, ಬಂದ ಮಾಹಿತಿಯನ್ನು ಠಾಣೆಯ ಡೈರಿಯಲ್ಲಿ ಕಾಣಿಸಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2013ರಲ್ಲೇ.

ಮುಚ್ಚಬೇಕಾದದ್ದನ್ನು ಮುಚ್ಚಿ ಉಳಿದದ್ದನ್ನು ತೆರೆಯುವುದು ಆಗದ ಕೆಲಸವೇನಲ್ಲ. ಎಫ್.ಐ.ಆರ್.ಗಳನ್ನು 24 ತಾಸಿನೊಳಗೆ ಪೊಲೀಸ್ ವೆಬ್‌ಸೈಟಿನಲ್ಲಿ ಹಾಕಿ, ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿತು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲೂ ಬೇಕೆಂದವರಿಗೆ ಮುಚ್ಚಿದ ಕೋಣೆಯ ವಿಚಾರಣೆಗೆ ಅವಕಾಶವಿದೆ. ಆದರೆ ಆದೇಶದ ಪ್ರತಿ ಅವಳ ಕೈಗೆ ಸಿಗುತ್ತದೆ. ವೈರ್‌ಲೆಸ್ಸಿಗೂ ಇದೇ ಏಕಾಗಬಾರದು?

ನಾವು ಅವಳ ಹೆಸರಿನಲ್ಲಿ ಮಾಹಿತಿ ಹಕ್ಕಿನ ಅರ್ಜಿ ಕೊಟ್ಟಿದ್ದೇವೆ. ಶುಲ್ಕ 10 ರೂಪಾಯಿ. ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಕಾರಣವನ್ನೂ ಹೇಳಬೇಕಾಗಿಲ್ಲ. ಕರೆ ಬಂದ ಸಮಯ, ಗಾಡಿಗೆ ತಿಳಿಸಿದ ಸಮಯ, ಗಾಡಿ ಮುಟ್ಟಿದ ಸಮಯ, ಅವಳದೇ ಕರೆಯ ಧ್ವನಿಮುದ್ರಣ: ಇಷ್ಟು ಕೇಳಿದ್ದೇವೆ. ಉತ್ತರ ಬರುವ ತನಕ ಅದನ್ನು ಅಳಿಸಬೇಡಿ ಎಂದು ಬೇರೆ ಪತ್ರವನ್ನೂ ಕೊಟ್ಟಿದ್ದೇವೆ. ತನಿಖೆ ನಡೆದಿದೆ ಎಂಬ ನೆಪ ಬರಬಹುದು. ತನಿಖೆ ನಡೆದಿದೆ ಎಂದಷ್ಟೇ ಹೇಳಿ ಮಾಹಿತಿ ನಿರಾಕರಿಸುವಂತಿಲ್ಲ, ಅದಕ್ಕೆ ಅಡ್ಡಿ ಹೇಗಾಗುತ್ತದೆಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲಿ ಹೇಳಿದ್ದನ್ನು ಮೇಲ್ಮನವಿಗೆಂದು ಬರೆದಿಟ್ಟುಕೊಂಡಿದ್ದೇನೆ.

ಅರ್ಜಿಯಲ್ಲಿ ಅಂಚೆ ವಿಳಾಸ ಬರೆಯುವಾಗ ಅವಳ ಕೈ ನಿಂತಿತು. ಗಂಡನ ಮನೆಯದನ್ನು ಬರೆಯುವಂತಿರಲಿಲ್ಲ. ಸಂಘದ ಅಧ್ಯಕ್ಷೆಯ ಮನೆಯ ವಿಳಾಸ ಕೊಟ್ಟೆವು. ಮೂವತ್ತು ದಿನದ ಗಡುವಿನಲ್ಲಿ ಇಂದಿಗೆ ಇಪ್ಪತ್ತೆರಡು ದಿನ. ಅಂಚೆಯವನು ಇನ್ನೂ ಬಂದಿಲ್ಲ.